ಹುಲಿಗೆಮ್ಮನ ಪಕ್ಕದ ಎಲೆ

ಮಳೆ ಬರಬಹುದಿತ್ತು. ಬಳ್ಳಾರಿ ಸೀಮೆಯಲ್ಲಿ, ಅದೂ ಮಾಘ ಮಾಸದಲ್ಲಿ ಮಳೆಯೇ ಎಂದು ನೀವು ನಗಬಹುದು. ಆದರೆ ಬರಕೂಡದೆಂದು ಯಾರೂ ಬರೆದುಕೊಟ್ಟಿರಲಿಲ್ಲವಲ್ಲ. ಮಳೆ ಬಾರದಿದ್ದರೆ ಗಾಳಿ ಎದ್ದು, ಸಾಲಾಗಿ ಹಾಸಿದ ಮುತ್ತುಗದ ಎಲೆಗಳೆಲ್ಲ ಹಾರಿ ಹೊಲ ಸೇರಬಹುದಿತ್ತು. ಅನ್ನ ಸೀಯಬಹುದಿತ್ತು, ಸಾರಿಗೆ ಇಬ್ಬರು ಉಪ್ಪು ಹಾಕಬಹುದಿತ್ತು, ಒಲೆಯ ಕಿಡಿ ಪಕ್ಕದ ಮೇವಿನ ಬಣವೆಗೆ ತಾಗಬಹುದಿತ್ತು. ಬಳ್ಳಾರಿಯಿಂದ ಬರಬೇಕಾದ ನಮ್ಮವರು ಬಸ್ಸು ತಪ್ಪಿತೆಂಬ ನೆಪ ಹೇಳಿ ಮನೆಯಲ್ಲೇ ಉಳಿಯಬಹುದಿತ್ತು. ಬಂದವರು ಎಲೆಯ ಮುಂದೆ ಕೂತು ಇದ್ದಕ್ಕಿದ್ದಂತೆ ಏಕಾದಶಿಯನ್ನು ನೆನಪಿಸಿಕೊಳ್ಳಬಹುದಿತ್ತು. ಅಲ್ಲಿಯ ನೀರು ಕುಡಿಯಬಾರದೆಂದು ಯಾರಾದರೂ ಮನೆಯಿಂದ ನೀರಿನ ತಂಬಿಗೆಯನ್ನು ಪಂಚೆಯಲ್ಲಿ ಸುತ್ತಿ ತಂದಿರಬಹುದಿತ್ತು. ಊರ ಗೌಡರು ಬಾರದೆ ಇರಬಹುದಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಬರಬಹುದಿತ್ತು. ಕಲ್ಲು ಬೀಳಬಹುದಿತ್ತು. ಕುರುಗೋಡಿನ ಸುತ್ತ ಗುಡ್ಡಗಳಿವೆ, ಗುಡ್ಡ ತುಂಬ ಕಲ್ಲುಗಳಿವೆ. ಎಸೆಯುವವರಿಗೆ ಹುಡುಕುವ ಶ್ರಮವೂ ಇರಲಿಲ್ಲ. ಪೊಲೀಸರು ಬಂದು ಎಲ್ಲರನ್ನೂ ಜೀಪಿಗೆ ಹತ್ತಿಸಬಹುದಿತ್ತು, ಮರುದಿನ ನಮ್ಮ ಶಾಲೆಯ ಹೆಡ್‌ಮಾಸ್ತರರು ನನ್ನನ್ನು ಕರೆದು ಕನ್ನಡಕದ ಮೇಲಿನಿಂದ ನೋಡಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದರೆ ಆಗಲಿಲ್ಲವೆಂಬುದು ಆಮೇಲೆ ತಿಳಿದ ಸಂಗತಿ. ಅಲ್ಲಿಯವರೆಗೆ ಎಲ್ಲವನ್ನೂ ಒಬ್ಬನೇ ಅನುಭವಿಸಿದವನು ನಾನು.

ಚಿಂತೆ ನನಗೆ ಹುಟ್ಟಿನಿಂದ ಬಂದದ್ದು. ಬೀಗ ಹಾಕಿ ಜಗ್ಗಿ ನೋಡಿ, ಓಣಿಯ ತುದಿಯವರೆಗೆ ಹೋಗಿ, ಜಗ್ಗಿದ್ದು ಇವತ್ತೋ ನಿನ್ನೆಯೋ ಎಂದು ಮತ್ತೆ ಬಂದು ಜಗ್ಗುವ ಜಾತಿ ನನ್ನದು. ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟೇ ಬೇಕು. ಅವನು ರಸ್ತೆ ನೋಡದಿದ್ದರೆ ನಾನಾದರೂ ನೋಡಬೇಕಲ್ಲ. ನನ್ನ ಹೆಂಡತಿ ಪಾರ್ವತಿ ಇದಕ್ಕೆ ಹೊಂದಿಕೊಂಡುಬಿಟ್ಟಿದ್ದಾಳೆ. ಒಂದು ದಿನ ನಾನು ಏನೂ ಚಿಂತೆಯಿಲ್ಲದೆ ಕೂತಿದ್ದನ್ನು ಕಂಡು ಹಣೆ ಮುಟ್ಟಿ ನೋಡಿದ್ದಳು, ಜ್ವರವೇನೋ ಎಂದು.

ಇಂಥವನನ್ನು ಕಾರ್ಯದರ್ಶಿಯಾಗಿ ಮಾಡಿಕೊಂಡಿದ್ದು ನಮ್ಮ ಸಂಘದ ತಪ್ಪು. ಎಪ್ಪತ್ತರ ದಶಕದ ಮಾತು. ಬಳ್ಳಾರಿಯಲ್ಲಿ ನಾವು ಕೆಲವರು ಮೇಷ್ಟರುಗಳು, ಗುಮಾಸ್ತರು, ಒಬ್ಬ ಹೋಮಿಯೋಪತಿ ಡಾಕ್ಟರು ಸೇರಿ ಜಾತಿ ಹೋಗಬೇಕೆಂದು ಒಂದು ಸಂಘ ಕಟ್ಟಿದ್ದೆವು. ಮನೆಯಲ್ಲಿ ತೆಲುಗು, ಕೋರ್ಟಿನಲ್ಲಿ ಇಂಗ್ಲಿಷು, ವೇದಿಕೆಯ ಮೇಲೆ ಕನ್ನಡ ಮಾತಾಡುವ ಒಬ್ಬ ವಕೀಲರು ಅಧ್ಯಕ್ಷರು. ತಿಂಗಳಿಗೊಂದು ಸಂಜೆ ಫ್ಯಾನಿನ ಕೆಳಗೆ ಕೂತು ಜಾತಿಯನ್ನು ಖಂಡಿಸುತ್ತಿದ್ದೆವು. ಅದೂ ಪಾಪ ಊಟದ ಹೊತ್ತಿಗೆ ಸರಿಯಾಗಿ ಸೋಲೊಪ್ಪಿಕೊಳ್ಳುತ್ತಿತ್ತು. ನಾವು ನಮ್ಮ ನಮ್ಮ ಓಣಿ ಹಿಡಿದು, ನಮ್ಮ ನಮ್ಮವರ ನಡುವೆ ಕೂತು ಉಣ್ಣುತ್ತಿದ್ದೆವು.

ಹಾಗೆಂದು ಬಯಲಿಗೆ ಇಳಿಯಲಿಲ್ಲವೆಂದಲ್ಲ. ಹೋಟೆಲುಗಳಲ್ಲಿ ಕೇರಿಯವರಿಗೆ ಬೇರೆ ಲೋಟ ಇಡುವುದರ ವಿರುದ್ಧ ಸಿರುಗುಪ್ಪದಲ್ಲೊಂದು ಮೆರವಣಿಗೆ ತೆಗೆದಿದ್ದೆವು. ಅದೇ ದಿನ ಅದೇ ರಸ್ತೆಯಲ್ಲಿ ಒಂದು ಮದುವೆಯ ದಿಬ್ಬಣವೂ ಹೊರಟಿತ್ತು. ಬ್ಯಾಂಡಿನವರು ಮುಂದೆ, ನಾವು ಹಿಂದೆ, ನಮ್ಮ ಹಿಂದೆ ಮದುಮಗ. ‘ಒಂದೇ ಲೋಟ, ಒಂದೇ ನೀರು’ ಎಂದು ನಾವು ಕೂಗಿದರೆ, ಜನ ನಮ್ಮನ್ನು ಗಂಡಿನ ಕಡೆಯವರೆಂದು ತಿಳಿದು ಅಕ್ಷತೆ ಹಾಕಿದರು. ಒಬ್ಬ ಅಜ್ಜಿ ಅಧ್ಯಕ್ಷರ ಕೈಗೆ ಎಲೆ ಅಡಿಕೆ ಕೊಟ್ಟು, “ಹುಡುಗಿ ಯಾವ ಊರಾಕಿರಿ?” ಎಂದಳು. ಲೋಟಗಳು ಇದ್ದಲ್ಲೇ ಇದ್ದವು.

ಈ ಅವಮಾನವನ್ನು ತೊಳೆದುಕೊಳ್ಳಲೆಂದೇ ಅಧ್ಯಕ್ಷರಿಗೆ ಕುರುಗೋಡಿನಲ್ಲಿ ಸಹಭೋಜನ ಮಾಡಿಸುವ ಯೋಚನೆ ಹೊಳೆದದ್ದು. ಊರವರು, ಕೇರಿಯವರು, ನಾವು, ಎಲ್ಲ ಸೇರಿ ಅಡಿಗೆ ಮಾಡಿ ಒಂದೇ ಸಾಲಿನಲ್ಲಿ ಕೂತು ಉಣ್ಣುವುದು. ಮಾತಾಡಲು ನಾವು ಕೆಲವರು ಒಂದು ಭಾನುವಾರ ಅಲ್ಲಿನ ಕೇರಿಗೆ ಹೋದೆವು. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಅಧ್ಯಕ್ಷರು ಸಮಾನತೆಯ ಬಗ್ಗೆ ಚೆನ್ನಾಗಿಯೇ ಮಾತಾಡಿದರು. ಗಂಡಸರೆಲ್ಲ ತಲೆದೂಗಿದರು. ಆಗ ಹಿಂದಿನಿಂದ ಒಬ್ಬಳು ಹೆಂಗಸು ಎದ್ದು ನಿಂತಳು. ಹೆಸರು ಹುಲಿಗೆಮ್ಮ. ನನ್ನದೇ ವಯಸ್ಸಿರಬೇಕು; ಕೂಲಿ ಮಾಡಿ ಮಾಡಿ ಹುರಿಗೊಂಡ ಮೈ, ಎತ್ತರದ ದನಿ.

“ಉಣ್ಣಾದು ಖರೆ ಸಾರ್. ಬಡ್ಸಾಕ ಯಾರು, ಕುಂದ್ರಾಕ ಯಾರು?”

“ಎಲ್ಲರೂ ಕೂಡ್ರುತಾರಮ್ಮಾ. ಭೇದವೇ ಇಲ್ಲ,” ಎಂದರು ಅಧ್ಯಕ್ಷರು.

“ಎಲ್ಲಾರೂ ಅಂದ್ರ ಯಾರೂ ಅಲ್ರಿ. ಮಂದಿ ಮದಿವಿ ಮುಂದ ನಿಂತು ನಿಂತು ನನ್ನ ಕಾಲು ಸವದಾವ. ಎಲ್ಲಾರದು ಉಂಡಾದ ಮ್ಯಾಲೆ ಕರದು ಸೆರಗಿನಾಗ ಹಾಕ್ತಾರ. ಈ ಸಲ ನಾ ಮೊದಲ್ನೇ ಪಂಕ್ತ್ಯಾಗ ಕುಂದ್ರಾಕಿ. ನನ್ನ ಬಾಜೂಕ ನಿಮ್ಮೋರು ಯಾರು ಕುಂದ್ರತಾರ, ಹೆಸ್ರು ಹೇಳ್ರಿ.”

“ಏ ಹುಲಿಗೀ, ಸಾಕು ಕುಂದ್ರಬೇ. ದೊಡ್ಡೋರು ಬಂದಾರ,” ಎಂದ ಒಬ್ಬ ಮುದುಕ.

“ಕುಂದ್ರತೀನಿ ಅಂತನs ಹೇಳಾಕ ಹತ್ತೀನಿ ಮಾವಾ, ನಿನಗೇನು ಕಿವುಡ?”

ಕೇರಿ ನಕ್ಕಿತು. ಆಮೇಲೆ ಎಲ್ಲರೂ ನಮ್ಮ ಕಡೆ ನೋಡಿದರು. ಹೋಮಿಯೋಪತಿ ಡಾಕ್ಟರು ಬಳ್ಳಾರಿಯ ಬಸ್ಸು ಎಷ್ಟು ಗಂಟೆಗೆ ಎಂದು ಮೆಲ್ಲಗೆ ಕೇಳಿದರು. ಅಧ್ಯಕ್ಷರು ಗುಡಿಯ ಗೋಪುರವನ್ನು ಗಮನಿಸತೊಡಗಿದರು. ಈ ಮೌನ ಇನ್ನೊಂದು ಗಳಿಗೆ ಮುಂದುವರಿದರೆ ಏನಾದೀತೆಂದು ನಾನು ಚಿಂತಿಸಿದೆ. ಜನ ಎದ್ದುಹೋಗಬಹುದು, ಸಂಘ ಒಡೆಯಬಹುದು, ನಾಳೆ ಬಳ್ಳಾರಿಯ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಇದನ್ನೇ ಆಡಿಕೊಳ್ಳಬಹುದು. ಆ ಭಯಕ್ಕೆ ನನ್ನ ಬಾಯಿಯಿಂದ, “ನಾನು ಕೂಡ್ರುತೀನಿ,” ಎಂದು ಬಂದುಬಿಟ್ಟಿತು. ಮಂದಿ ಅದನ್ನು ಧೈರ್ಯವೆಂದರು. ನಾನು ತಿದ್ದಲು ಹೋಗಲಿಲ್ಲ.

ಹುಲಿಗೆಮ್ಮ ನನ್ನನ್ನು ಸಂತೆಯಲ್ಲಿ ಎತ್ತು ನೋಡುವಂತೆ ಮೇಲಿನಿಂದ ಕೆಳಗೆ ನೋಡಿದಳು. “ಖರೇನ?”

“ಖರೇನಮ್ಮ.”

“ಹಂಗಾರ ಆ ದಿನ ನಾ ಕೂಲಿಗೆ ಹೋಗಂಗಿಲ್ಲ. ಹೊಸಾ ಸೀರಿ ಉಟಗೊಂಡು ಬರ್ತೀನಿ,” ಎಂದು ಕೂತಳು.

ಮನೆಗೆ ಬಂದು ಪಾರ್ವತಿಗೆ ವಿಷಯ ಹೇಳಿದೆ. ಜಾತಿ, ಮಡಿ ಎಂದು ಏನಾದರೂ ತಕರಾರು ತೆಗೆದಾಳೆಂದು ಅದಕ್ಕೆ ಉತ್ತರಗಳನ್ನೆಲ್ಲ ಬಸ್ಸಿನಲ್ಲಿಯೇ ಸಿದ್ಧ ಮಾಡಿಕೊಂಡು ಬಂದಿದ್ದೆ. ಅವಳು ಅಕ್ಕಿ ಆರಿಸುತ್ತಲೇ, “ಅಲ್ರೀ, ಮದಿವಿ ದಿನ ಬಿಟ್ರ ನನ್ನ ಬಾಜೂಕ ಕುಂತು ಒಮ್ಮೆರ ಉಂಡೀರೇನು? ಉಣ್ಣಾಗ ನಾಕು ಸಲ ಎದ್ದು ಹಿತ್ತಲ ಬಾಗ್ಲಾ ನೋಡಿ ಬರ್ತೀರಿ. ಆಕಿ ಬಾಜೂಕ ಹ್ಯಾಂಗ ಕುಂದ್ರತೀರಿ? ನೋಡಾಕರ ನಾ ಬರ್ತೀನಿ,” ಎಂದಳು. ನನ್ನ ಉತ್ತರಗಳು ಯಾವುವೂ ಉಪಯೋಗಕ್ಕೆ ಬರಲಿಲ್ಲ.

ಆ ದಿನ ಬಂತು. ಕುರುಗೋಡಿನ ಶಾಲೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಒಲೆ ಹೂಡಿದ್ದರು. ಕೇರಿಯ ಹೆಂಗಸರು, ನಮ್ಮ ಕಡೆಯ ಹೆಂಗಸರು ಎದುರುಬದುರು ಕೂತು ರೊಟ್ಟಿ ಬಡಿಯುತ್ತಿದ್ದರು. ಮೊದಲರ್ಧ ತಾಸು ಮಾತಿಲ್ಲ, ಬರೀ ರೊಟ್ಟಿಯ ಸದ್ದು. ಆಮೇಲೆ ಯಾರದೋ ರೊಟ್ಟಿ ಹರಿಯಿತು, ಯಾರೋ ನಕ್ಕರು, ಅಲ್ಲಿಂದ ಅತ್ತೆಯರ ವಿಷಯ ಶುರುವಾಯಿತು. ಅತ್ತೆಯರ ವಿಷಯದಲ್ಲಿ ಯಾವ ಜಾತಿಯವರಿಗೂ ಭಿನ್ನಾಭಿಪ್ರಾಯ ಇದ್ದಂತೆ ಕಾಣಲಿಲ್ಲ. ನಮ್ಮ ಅಧ್ಯಕ್ಷರು ವರ್ಷಗಟ್ಟಲೆ ಭಾಷಣ ಮಾಡಿ ಸಾಧಿಸಲಾಗದ್ದು ಹಿಟ್ಟು ಮುಗಿಯುವುದರೊಳಗೆ ಆಗಿಹೋಗಿತ್ತು. ಆದರೆ ನಾನು ಅದನ್ನು ಕಂಡು ಸಂತೋಷಪಡಲಿಲ್ಲ. ಅಂಗಳದ ಗೇಟಿನಲ್ಲಿ ಕಲ್ಲು ಎಸೆಯುವವರ ದಾರಿ ಕಾಯುತ್ತಿದ್ದೆ.

ಬಂದವರು ಶರಣನಗೌಡರು. ಊರಿಗೆ ದೊಡ್ಡ ಗೌಡರು, ದೊಡ್ಡ ಮೀಸೆ. ಹಿಂದೆ ಅವರ ಕಡೆಯ ಕೆಲವರು. ಒಬ್ಬನ ಹೆಗಲ ಮೇಲೆ ಬಟ್ಟೆ ಕಟ್ಟಿದ ಏನೋ ಭಾರದ ವಸ್ತು.

“ಏನ್ರಿ ಮೇಷ್ಟ್ರ, ಗೇಟಿಗೆ ಅಡ್ಡಾಗಿ ನಿಂತೀರಿ? ಒಳಗ ಬಿಡ್ತೀರೋ ಇಲ್ಲೋ?”

“ಅದೇನ್ರಿ ಗೌಡ್ರ, ಹೆಗಲ ಮ್ಯಾಲೆ...?”

“ತುಪ್ಪರಿ. ಹುಗ್ಗಿ ಮಾಡ್ಯಾರಂತ. ತುಪ್ಪ ಇಲ್ದ ಹುಗ್ಗಿ ಉಣ್ಣಾಕ ನಾವೇನು ಬಳ್ಳಾರಿ ಮಂದಿ ಅದೀವೇನು?”

ಗೌಡರು ಬಂದದ್ದು ಚುನಾವಣೆ ಹತ್ತಿರವಿದ್ದುದರಿಂದ ಎಂದು ಅಧ್ಯಕ್ಷರು ಆಮೇಲೆ ಹೇಳಿದರು. ಹುಗ್ಗಿಯ ವಾಸನೆ ಅವರ ಮನೆಯವರೆಗೆ ಹೋಗಿತ್ತೆಂದು ಪಾರ್ವತಿ ಹೇಳಿದಳು. ಏನಾದರಾಗಲಿ, ಅವರು ಹೋಗಿ ಸಾಲಿನ ನಡುವೆ ಕೂತರು. ಅವರು ಕೂತದ್ದೇ ತಡ, ಹಿಂದೆಗೆಯುತ್ತಿದ್ದ ಊರವರೆಲ್ಲ ಕೂತರು. ಹುಲಿಗೆಮ್ಮ ಅಷ್ಟರಲ್ಲಿ ಬಂದು ಮೊದಲ ಪಂಕ್ತಿಯ ತುದಿಯಲ್ಲಿ ಕೂತಾಗಿತ್ತು. ಇಳಕಲ್ ಸೀರೆ, ತಲೆತುಂಬ ಸೆರಗು. ಪಕ್ಕದ ಎಲೆಯ ಮೇಲೆ ಗಾಳಿಗೆ ಹಾರದಂತೆ ಕೈ ಇಟ್ಟುಕೊಂಡಿದ್ದಳು.

“ಬರ್ರಿ, ಎಲಿ ಹಾಕ್ಯಾರ,” ಎಂದು ಪಾರ್ವತಿ ಕೂಗಿದಳು.

“ಬಂದೆ,” ಎಂದೆ. ಬರುವವನೇ ಇದ್ದೆ. ಆದರೆ ಒಲೆಯಲ್ಲಿ ಇನ್ನೂ ಕೆಂಡವಿತ್ತು, ಬಣವೆ ಹತ್ತಿರವಿತ್ತು. ನೀರು ಹಾಕಿಸಿ ಬಂದೆ. ಅಷ್ಟರಲ್ಲಿ ಒಂದು ನಾಯಿ ಗೋಡೆ ಹಾರುವ ಲೆಕ್ಕ ಹಾಕುತ್ತಿತ್ತು. ಅದನ್ನು ಹಳ್ಳದವರೆಗೆ ಅಟ್ಟಿ ಬಂದೆ. ತಂಬಿಗೆ ತಂದವರು ಯಾರಾದರೂ ಇದ್ದಾರೆಯೇ ಎಂದು ಸಾಲಿನ ಹಿಂದೆ ಹಿಂದೆ ನಡೆದು ಪಂಚೆಗಳನ್ನು ಪರೀಕ್ಷಿಸಿದೆ. ಎಲ್ಲಕ್ಕಿಂತ ಮುಖ್ಯವಾಗಿ ಗೌಡರು ನಿಜವಾಗಿ ಉಣ್ಣುತ್ತಾರೋ, ಬರೀ ಕಲಸುತ್ತಾರೋ ನೋಡಬೇಕಿತ್ತು. ಬೇವಿನ ಮರದ ಮರೆಯಲ್ಲಿ ನಿಂತೆ. ಗೌಡರು ರೊಟ್ಟಿ ಮುರಿದರು. ಪಲ್ಯ ಹಚ್ಚಿದರು. ಅವರ ಕೈ ಅಲ್ಲೇ ನಿಂತಿತು. ನನ್ನ ಉಸಿರೂ ನಿಂತಿತು. “ಏ ತಂಗೀ, ಶೇಂಗಾ ಚಟ್ನಿ ಎಲ್ಲೈತಿ?” ಎಂದು ಕೂಗಿ, ಚಟ್ನಿ ಬಂದ ಮೇಲೆ ತುತ್ತು ಬಾಯಿಗಿಟ್ಟರು. ಆಮೇಲೆ ಎರಡನೆಯ ಸಲ ಹುಗ್ಗಿ ಕೇಳಿದರು. ಮೂರನೆಯ ಸಲ ಬಡಿಸುವವಳ ಕೈಯಿಂದ ಸೌಟನ್ನೇ ತೆಗೆದುಕೊಂಡರು. ನಾನು ಮರಕ್ಕೆ ಒರಗಿ ಕಣ್ಣು ಮುಚ್ಚಿದೆ. ಕಲ್ಲಿಲ್ಲ, ಬೆಂಕಿಯಿಲ್ಲ, ಪೊಲೀಸರಿಲ್ಲ. ಆಗಬಾರದ್ದು ಯಾವುದೂ ಆಗಿರಲಿಲ್ಲ. ಬದುಕಿನಲ್ಲಿ ಮೊದಲ ಸಲ ನನ್ನ ಬಳಿ ಚಿಂತಿಸಲು ಏನೂ ಉಳಿದಿರಲಿಲ್ಲ.

ನಿಂತಲ್ಲೇ ಜೋಂಪು ಹತ್ತಿರಬೇಕು; ಕಣ್ಣು ಬಿಟ್ಟಾಗ ಪಂಕ್ತಿ ಎದ್ದಿತ್ತು. ಜನ ಕೈ ತೊಳೆಯಲು ಹೋಗಿದ್ದರು, ತಮ್ಮ ತಮ್ಮ ಎಲೆಗಳನ್ನು ತಾವೇ ಎತ್ತಿದ್ದರು. ಖಾಲಿಯಾದ ಅಂಗಳದಲ್ಲಿ ಎರಡೇ ಎಲೆಗಳಿದ್ದವು. ಒಂದರ ಮುಂದೆ ಯಾರೂ ಇರಲಿಲ್ಲ. ಇನ್ನೊಂದರ ಮುಂದೆ ಹುಲಿಗೆಮ್ಮ ಇದ್ದಳು. ಎರಡರಲ್ಲೂ ಬಡಿಸಿದ್ದು ಬಡಿಸಿದಂತೆಯೇ ಇತ್ತು. ಒಂದು ಕೈಯಿಂದ ತನ್ನ ಎಲೆಯ ನೊಣ ಓಡಿಸುತ್ತ, ಇನ್ನೊಂದರಿಂದ ನನ್ನ ಎಲೆಯ ನೊಣ ಓಡಿಸುತ್ತ ಕೂತಿದ್ದಳು.

“ಯಾಕಮ್ಮಾ, ಉಣ್ಲಿಲ್ಲ?” ಎಂದೆ.

“ಹೊರಗ ನಿಂತು ರಗಡ ಪಂಕ್ತಿ ನೋಡೀನ್ರಿ ಸಾರ್. ಬಾಜೂದವ್ರು ಕುಂದ್ರಾತನ ಯಾರೂ ಕೈ ಹಚ್ಚಂಗಿಲ್ಲ. ಅದಕ್ಕs ಕುಂತೆ.”

“ಹಂಗಲ್ಲಮ್ಮ... ಏನಾದ್ರೂ ಆದೀತು ಅಂತ ನೋಡ್ತಾ ನಿಂತಿದ್ದೆ.”

“ಏನಾತ್ರಿ?”

“ಏನೂ ಆಗ್ಲಿಲ್ಲ.”

“ಹಂಗಾರ ಕುಂದರ್ರಿ.”

ಕೂತೆ. ಅಷ್ಟರಲ್ಲಿ ಕೈ ತೊಳೆದವರೆಲ್ಲ ಹಿಂದಿರುಗಿ ನಮ್ಮ ಸುತ್ತ ನೆರೆದಿದ್ದರು. ಊರವರು, ಕೇರಿಯವರು ಭುಜಕ್ಕೆ ಭುಜ ಕೊಟ್ಟು ನಿಂತು, ಬಳ್ಳಾರಿಯಿಂದ ಬಂದ ಕಾರ್ಯದರ್ಶಿ ಉಣ್ಣುತ್ತಾನೋ ಇಲ್ಲವೋ ಎಂದು ನೋಡುತ್ತಿದ್ದರು. ನಾನು ನಿಂತಿದ್ದು ಹುಟ್ಟುಗುಣದ ಚಿಂತೆಯಿಂದ, ಬೇರೆ ಯಾವ ಕಾರಣಕ್ಕೂ ಅಲ್ಲವೆಂದು ಹೇಳಬೇಕೆನಿಸಿತು. ಹಾಗೆ ಹೇಳಿದ ಯಾವ ಮನುಷ್ಯನನ್ನೂ ನಾನೇ ನಂಬುತ್ತಿರಲಿಲ್ಲ. ಪಾರ್ವತಿ ಬಾಯಿಗೆ ಸೆರಗು ಹಚ್ಚಿ ನಿಂತಿದ್ದಳು. ನಗುತ್ತಿದ್ದಳೋ ಮತ್ತೇನೋ ನನಗೆ ಕಾಣಲಿಲ್ಲ. ಶರಣನಗೌಡರು ಎಲೆ ಅಡಿಕೆ ಜಗಿಯುತ್ತ ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟು, ಬಹಳ ಮೃದುವಾಗಿ ಹೇಳಿದರು:

“ಅಂಜಬ್ಯಾಡ್ರಿ ಮೇಷ್ಟ್ರ, ಉಣ್ರಿ. ನಾವೆಲ್ಲಾ ಉಂಡೀವಿ. ಏನೂ ಆಗಂಗಿಲ್ಲ.”

ನಾನು ರೊಟ್ಟಿ ಮುರಿದೆ. ಆಮೇಲೆ ಹುಲಿಗೆಮ್ಮ ಮುರಿದಳು. ಆ ದಿನ ಕೆಟ್ಟದ್ದೆಂದರೆ ಇಷ್ಟೇ: ಅವಳ ಎಲೆಯ ಹುಗ್ಗಿ ಆರಿಹೋಗಿತ್ತು, ತುಪ್ಪ ಗಟ್ಟಿಯಾಗಿತ್ತು.