ಮಾಲ್ಟನ್ನಿನಲ್ಲಿ ಮಹಾಯುದ್ಧ

ಎರಡೂ ಮಹಾಯುದ್ಧಗಳು ಮುಗಿದುಹೋದವೆಂಬ ಸುದ್ದಿ ನಮ್ಮ ಭಾವನವರಿಗೆ ಇನ್ನೂ ತಲುಪಿಲ್ಲ! ತಲುಪಿಸುವ ಪ್ರಯತ್ನ ನಡೆದಿಲ್ಲವೆಂದಲ್ಲ. ಕೆನಡಾದಲ್ಲೇ ಹುಟ್ಟಿದ ಅವರ ಮಗಳು ಊಟದ ಹೊತ್ತಿನಲ್ಲಿ ದಿನಕ್ಕೊಮ್ಮೆಯಾದರೂ "ಡ್ಯಾಡಿ, ದ ವಾರ್ ಈಸ್ ಓವರ್" ಎಂದು ನೆನಪಿಸುತ್ತಿದ್ದಳು. ಭಾವ ಅನ್ನಕ್ಕೆ ಹುಳಿ ಕಲಸುತ್ತಾ, ಯಾವುದು, ಮೊದಲನೆಯದೋ ಎರಡನೆಯದೋ ಎಂದು ವಿಚಾರಿಸುತ್ತಿದ್ದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಬೆಂಗಳೂರಿನ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಹದಿನೆಂಟು ವರ್ಷ ಕಬ್ಬಿಣ ಕೊರೆದವರು. ಕೆನಡಾ ಅವರಿಗೆ ಕೊಟ್ಟಿದ್ದು ಏರ್‌ಪೋರ್ಟಿನ ಪಕ್ಕದ ಗೋಡೌನೊಂದರಲ್ಲಿ ಕಾವಲಿನ ಕೆಲಸ. ಯಾರೂ ಕದಿಯದ ಪೆಟ್ಟಿಗೆಗಳನ್ನು ಎಂಟು ಗಂಟೆ ನೋಡುತ್ತಾ ಕೂರುವುದು ಹೇಗೆ? ಲೈಬ್ರರಿಯಲ್ಲಿದ್ದ ಯುದ್ಧದ ಪುಸ್ತಕಗಳನ್ನೆಲ್ಲ ತಂದು ಓದಿ ಮುಗಿಸಿದರು. ರಾಜರು, ಸೇನಾಪತಿಗಳು ಅವರಿಗೆ ಬೇಡ. ಯಾರು ಗೆದ್ದರು ಎಂದು ಕೇಳಿದರೆ ಸ್ವಲ್ಪ ಯೋಚಿಸಿಯೇ ಹೇಳಬೇಕು. ಯಾವ ಟ್ಯಾಂಕಿನ ಗೇರ್‌ಬಾಕ್ಸು ಎಲ್ಲಿ ಕೈಕೊಟ್ಟಿತು, ಯಾವ ಬಂದೂಕಿನ ಸ್ಪ್ರಿಂಗು ಏಕೆ ಕಚ್ಚಿಕೊಂಡಿತು, ಇದನ್ನು ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ಎಬ್ಬಿಸುವ ಧೈರ್ಯ ನಮಗಿರಲಿಲ್ಲ, ಅಷ್ಟೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನೂ ನನ್ನ ಯಜಮಾನರೂ ಮೈಸೂರಿನಿಂದ ಬಂದು ಮಾಲ್ಟನ್ನಿನ ಅವರ ಮನೆಯ ಬೇಸ್‌ಮೆಂಟಿನಲ್ಲಿ ಇಳಿದೆವು. ಬಂದ ವರ್ಷವೇ ಅಕ್ಕ ಸತ್ಯನಾರಾಯಣ ಪೂಜೆ ಇಟ್ಟುಕೊಂಡಳು. ಪುರೋಹಿತರು ಮೇಲೆ ಕಥೆ ಓದುತ್ತಿದ್ದಾರೆ, ಕೆಳಗೆ ಭಾವ ಇಬ್ಬರು ಅತಿಥಿಗಳನ್ನು ಹಿಡಿದು ಕೂರಿಸಿಕೊಂಡಿದ್ದಾರೆ. ಮೊಟ್ಟಮೊದಲ ಟ್ಯಾಂಕುಗಳ ಒಳಗೆ ಎಂಟು ಜನ, ನಟ್ಟನಡುವೆ ಇಂಜಿನ್, ಕಾವು, ಹೊಗೆ, ಪಕ್ಕದವನ ಮಾತು ಪಕ್ಕದವನಿಗೆ ಕೇಳದಷ್ಟು ಸದ್ದು. ಹಾಗಾದರೆ ತಿರುಗಿಸು ಎಂದು ಹಿಂದಿನವನಿಗೆ ಹೇಳುವುದು ಹೇಗೆ? ಇಂಜಿನ್ನಿನ ಮೇಲೆ ಬಡಿದು! ಹೇಗೆಂದು ತೋರಿಸಲು ಭಾವ ಸೌಟು ತೆಗೆದುಕೊಂಡು ಹಿತ್ತಾಳೆಯ ತಟ್ಟೆಗೆ ಢಣಢಣ ಬಡಿದರು. ಮೇಲಿದ್ದವರು ಮಂಗಳಾರತಿಯ ಜಾಗಟೆ ಎಂದುಕೊಂಡು ಎದ್ದು ನಿಂತು ಕೈಮುಗಿದರು. ಪುರೋಹಿತರಿಗೂ ಇನ್ನೊಂದು ಮನೆಗೆ ಹೋಗುವ ಅವಸರವಿತ್ತು. ಆ ವರ್ಷ ನಮ್ಮ ಮನೆಯ ಸತ್ಯನಾರಾಯಣ ಕಥೆ ಮೂರನೇ ಅಧ್ಯಾಯಕ್ಕೇ ಮುಗಿಯಿತು.

ಕಾರು ಕೊಂಡ ಕಥೆಯೂ ಇಂಥದ್ದೇ. ಅಕ್ಕನಿಗೆ ದೊಡ್ಡ ಕಾರಿನ ಮೇಲೆ ಕಣ್ಣು. ಜರ್ಮನಿಯವರ ಭಾರೀ ಟ್ಯಾಂಕು ನೋಡಲು ಐರಾವತ, ಕೆಟ್ಟರೆ ರಿಪೇರಿ ಮಾಡುವುದರೊಳಗೆ ಯುದ್ಧವೇ ಮುಗಿದಿರುತ್ತಿತ್ತು ಎಂದು ಭಾವ ಕಾರು ಮಾರುವವನ ಮುಂದೆಯೇ ವಾದಿಸಿ, ಯಾವ ಗ್ಯಾರೇಜಿನಲ್ಲೂ ಬಿಡಿಭಾಗ ಸಿಗುವ ಸಣ್ಣ ಹಳೇ ಕಾರೊಂದನ್ನು ಮನೆಗೆ ತಂದರು. ಮೊದಲ ಹಿಮ ಬಿದ್ದ ದಿನ ಅದು ಮನೆಯ ಮುಂದೆಯೇ ಹೂತುಕೊಂಡಿತು. ಎದುರುಮನೆಯ ಸರ್ದಾರ್‌ಜಿ ಸಹಾಯಕ್ಕೆ ಬಂದರೆ, ಭಾವ ಸ್ಟೇರಿಂಗ್ ಬಿಟ್ಟು ಕೆಳಗಿಳಿದು, ರಷ್ಯಾದವರ ಟ್ಯಾಂಕಿನ ಅಗಲವಾದ ಪಟ್ಟಿಗಳು ಹಿಮದಲ್ಲಿ ಏಕೆ ಹೂಳುತ್ತಿರಲಿಲ್ಲ ಎಂದು ವಿವರಿಸತೊಡಗಿದರು. ಸರ್ದಾರ್‌ಜಿ ಹತ್ತು ನಿಮಿಷ ಕೇಳಿದರು. ಆಮೇಲೆ ಬಹಳ ವಿನಯದಿಂದ "ಭಾಯಿಸಾಬ್, ಪೆಹಲೇ ಧಕ್ಕಾ, ಫಿರ್ ಹಿಸ್ಟರಿ" ಎಂದು ಕಾರು ತಳ್ಳಲು ನಿಂತರು.

ಇಷ್ಟೆಲ್ಲ ನಗುತ್ತಿದ್ದ ನನ್ನ ಸ್ಥಿತಿಯೇನು ಚೆನ್ನಾಗಿತ್ತೇ? ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದ್ದ ನಾನು ಮೂರು ವರ್ಷದಿಂದ ಬಿಸ್ಕತ್ತಿನ ಡಬ್ಬಕ್ಕೆ ಮುಚ್ಚಳ ಹಾಕುತ್ತಿದ್ದೆ. ಅರ್ಜಿ ಹಾಕಿದಲ್ಲೆಲ್ಲ ಒಂದೇ ಮಾತು, ಕೆನಡಿಯನ್ ಎಕ್ಸ್‌ಪೀರಿಯೆನ್ಸ್ ಇದೆಯೇ? ಕೆಲಸ ಕೊಡದೆ ಅನುಭವ ಎಲ್ಲಿಂದ ತರಲಿ, ಸಂತೆಯಲ್ಲಿ ಸಿಗುತ್ತದೆಯೇ? ಹೀಗಿರುವಾಗ ಒಂದು ಸೋಮವಾರ ಸಂಜೆ ಭಾವ ಪೇಪರಿನ ಚೂರೊಂದನ್ನು ನನ್ನ ಮುಂದಿಟ್ಟರು. ವುಡ್‌ಬ್ರಿಡ್ಜಿನ ಒಂದು ಮೆಷಿನ್ ಶಾಪಿಗೆ ತಯಾರಾದ ಭಾಗಗಳನ್ನು ಅಳೆದು ನೋಡುವ ಇನ್‌ಸ್ಪೆಕ್ಟರ್ ಬೇಕಾಗಿದ್ದರು. ಫೋನು ಮಾಡಿದೆ, ಶನಿವಾರ ಬಾ ಎಂದರು. ಇದೂ ತಪ್ಪಿದರೆ ನಾನು ಇಂಜಿನಿಯರ್ ಎಂದು ಹೇಳಿಕೊಳ್ಳುವುದನ್ನೇ ಬಿಟ್ಟುಬಿಡುತ್ತೇನೆ ಎಂದು ನಿಶ್ಚಯಿಸಿಬಿಟ್ಟೆ.

ಆ ನಾಲ್ಕು ಸಂಜೆ ಊಟದ ಮೇಜೇ ರಣರಂಗ. ಮೊದಲನೇ ಯುದ್ಧದಲ್ಲಿ ಕೆನಡಾದ ಸಿಪಾಯಿಗಳಿಗೆ ಕೊಟ್ಟ ರೈಫಲ್ಲನ್ನು ಭಾವ ಕಾಗದದ ಮೇಲೆ ಬರೆದರು. ಗುರಿಗೆ ಅದರಂಥದ್ದಿಲ್ಲ, ಎಲ್ಲವೂ ಬಿಗಿ, ಎಲ್ಲವೂ ನಯ. ಕಂದಕದ ಕೆಸರು ಹೊಕ್ಕಿತೋ, ಮುಗಿಯಿತು, ಕಚ್ಚಿಕೊಂಡಿತು. ಸಿಪಾಯಿಗಳು ಅದನ್ನು ಎಸೆದು, ಸತ್ತ ಬ್ರಿಟಿಷರ ರೈಫಲ್ ಎತ್ತಿಕೊಂಡರಂತೆ. ಎರಡನೇ ಯುದ್ಧಕ್ಕೆ ಇಲ್ಲೇ ಮಿಸ್ಸಿಸಾಗಾದ ಸರೋವರದ ದಂಡೆಯಲ್ಲಿ ಹೆಂಗಸರು ಸಾಲಾಗಿ ನಿಂತು ಬಂದೂಕು ತಯಾರಿಸುತ್ತಿದ್ದರೆಂದೂ ಹೇಳಿದರು. ಅವರಲ್ಲೂ ಎಷ್ಟೋ ಜನ ಅಲ್ಲಿಯವರೆಗೆ ಕಾರ್ಖಾನೆಯ ಬಾಗಿಲು ಕಂಡವರಲ್ಲ, ಅವರನ್ನು ಯಾರು ಎಕ್ಸ್‌ಪೀರಿಯೆನ್ಸ್ ಕೇಳಿದ್ದರು ಎಂದು ಭಾವ ಮೇಜು ಗುದ್ದಿದರು. ಕೊನೆಯ ಸಂಜೆ ಮಾತ್ರ ಪುಸ್ತಕ ಮುಚ್ಚಿ, ದನಿ ತಗ್ಗಿಸಿ ಹೇಳಿದರು:

"ನೋಡಮ್ಮ, ಅಲ್ಲಿ ಕೇಳಿದ್ದಕ್ಕೆ ಮೊದಲು ಉತ್ತರ ಹೇಳ್ಬಿಡು. ಯುದ್ಧದ ವಿಷಯ ಎತ್ಲೇಬೇಡ."

ಅಕ್ಕ ಅವರ ಹಣೆ ಮುಟ್ಟಿ ನೋಡಿದಳು, ಜ್ವರವೇನೂ ಇರಲಿಲ್ಲ.

ಶನಿವಾರ ಅವರೇ ಕಾರಿನಲ್ಲಿ ಕರೆದುಕೊಂಡು ಹೋದರು. ಎಲ್ಲಿ ಹೋದರೂ ನಮಗಿಂತ ಮುಂಚೆ ಒಳನುಗ್ಗುವ ಮನುಷ್ಯ, ಅಂದು ಬೀದಿಯ ತುದಿಯ ಡೋನಟ್ ಅಂಗಡಿಯ ಮುಂದೆಯೇ ಕಾರು ನಿಲ್ಲಿಸಿ, ನಡೆದುಕೊಂಡು ಹೋಗು ಎಂದರು.

ಫೋರ್‌ಮನ್ ವಯಸ್ಸಾದ ಇಟಾಲಿಯನ್. ಹಿಮ ತಳ್ಳುವ ಯಂತ್ರದ ದಪ್ಪ ಪಿನ್ನೊಂದನ್ನೂ ಅದು ಕೂರುವ ಬಳೆಯಂಥ ಬುಷ್ಷನ್ನೂ ನನ್ನ ಕೈಗೆ ಕೊಟ್ಟ. ಇದು ಇಷ್ಟು ಸಡಿಲವಾಗಿದೆಯಲ್ಲ, ನನ್ನ ಮೆಷಿನ್ನಿನಲ್ಲಿ ಇದರ ಹತ್ತರಷ್ಟು ಬಿಗಿ ಮಾಡಬಲ್ಲೆ, ಮಾಡಲೇ ಎಂದು ಕೇಳಿದ. ನನ್ನ ಕಣ್ಣ ಮುಂದೆ ಕೆಸರು ಮೆತ್ತಿದ ರೈಫಲ್ಲು ಬಂದು ನಿಂತಿತು! ಬೇಡ, ರಸ್ತೆಯ ಉಪ್ಪು, ಮರಳು, ಹಿಮ ಒಳಗೆ ಹೋಗುತ್ತದೆ, ಬಿಗಿಯಾದರೆ ಕಚ್ಚಿಕೊಳ್ಳುತ್ತದೆ, ಈ ಸಡಿಲ ಬೇಕೇ ಬೇಕು ಎಂದೆ. ಅಷ್ಟೇ ಹೇಳಿದ್ದು. ಸೋಮವಾರದಿಂದ ಬಾ ಎಂದ.

ಎರಡನೇ ವಾರವಿರಬೇಕು, ಊಟದ ಬಿಡುವಿನಲ್ಲಿ ಫೋರ್‌ಮನ್ ನಗುತ್ತಾ ಒಂದು ಸಂಗತಿ ಹೇಳಿದ. ನಿನಗಿಂತ ಐದು ದಿನ ಮೊದಲು, ಆ ಸೋಮವಾರ ಬೆಳಿಗ್ಗೆ, ಇದೇ ಕೆಲಸಕ್ಕೆ ನಿಮ್ಮ ಕಡೆಯವನೊಬ್ಬ ಬಂದಿದ್ದ. ದಪ್ಪ ಮೀಸೆ, ಕಂಕುಳಲ್ಲಿ ಟ್ಯಾಂಕಿನ ಪುಸ್ತಕ. ಮೈಕ್ರೋಮೀಟರ್ ಹಿಡಿದ ರೀತಿಯಲ್ಲೇ ಪಳಗಿದ ಕೈ ಎಂದು ಗೊತ್ತಾಯಿತು. ಆದರೆ ಅದೇ ಪಿನ್ನು ಕೊಟ್ಟು ಅದೇ ಪ್ರಶ್ನೆ ಕೇಳಿದರೆ ಮೊದಲನೇ ಮಹಾಯುದ್ಧದಿಂದ ಶುರುಮಾಡಿದ. ಊಟದ ಗಂಟೆ ಹೊಡೆದಾಗಲೂ ಇನ್ನೂ ಕಂದಕದಲ್ಲೇ ಇದ್ದ, ಉತ್ತರ ಬಂದಿರಲಿಲ್ಲ. ಕೈಕುಲುಕಿ ಕಳಿಸಿಬಿಟ್ಟೆ ಎಂದ.

ನಾನು ಊಟದ ಡಬ್ಬಿ ಮುಚ್ಚಿಟ್ಟೆ. ಭಾವನವರ ಹದಿನೆಂಟು ವರ್ಷದ ವಿದ್ಯೆಗೆ ಈ ದೇಶದಲ್ಲಿ ತೆರೆದಿದ್ದ ಒಂದೇ ಬಾಗಿಲು ಅದು. ಬೆಳಿಗ್ಗೆ ಅದು ಮುಚ್ಚಿತು, ಅದೇ ಸಂಜೆ ಅವರು ಆ ಪೇಪರಿನ ಚೂರನ್ನು ನನ್ನ ಮುಂದಿಟ್ಟರು.

ಅಂದು ಸಂಜೆ ಮನೆಗೆ ಬಂದವಳು ಬ್ಯಾಗು ಕೂಡ ಇಳಿಸದೆ ಅವರೆದುರು ನಿಂತು, ಆ ಕೆಲಸ ನಿಮಗೂ ಬೇಕಿತ್ತಲ್ಲವೇ ಭಾವ ಎಂದು ಕೇಳಿದೆ. ಭಾವ ಅಡುಗೆಮನೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಅಕ್ಕನಿಗೆ ಕೇಳದಷ್ಟು ಮೆಲ್ಲಗೆ ಹೇಳಿದರು:

"ಬೇಕಿತ್ತು ಕಣಮ್ಮ. ನನ್ನ ಕೈಲಂತೂ ಆಗ್ಲಿಲ್ಲ. ಆ ಕೆಲಸ ಹೊರಗ್ಹೋಗೋದ್ಯಾಕೆ, ನಮ್ಮನೇಲೇ ಉಳೀಲಿ ಅಂದ್ಕೊಂಡೆ."

ನಾನು ಬಗ್ಗಿ ಅವರ ಕಾಲು ಮುಟ್ಟಿದೆ. ಇದೇನಿದು ಎಂದು ಗಾಬರಿಯಿಂದ ಕಾಲು ಹಿಂದಕ್ಕೆಳೆದುಕೊಂಡರು. ಇಂದು ಯಾರಾದರೂ ನನ್ನನ್ನು ಇಂಜಿನಿಯರ್ ಎಂದು ಕರೆದರೆ, ಅದರಲ್ಲಿ ಅರ್ಧ ಆ ಮನುಷ್ಯನ ಹೆಸರೇ ಎಂದು ನನ್ನ ಮನಸ್ಸಿಗೆ ಗೊತ್ತಿದೆ.