ಕಿವಿ ಮುಚ್ಚಿದ ಭಕ್ತ

ಫರೈ ಊರಿನ ಕುಂಬಾರ ಫಿಲಿನೋಸನಿಗೆ ಭಕ್ತಿ ಹುಟ್ಟಿದ್ದು ಕತ್ತೆಯ ದೆಸೆಯಿಂದ. ಮರುದಿನ ಪತ್ರೈ ಬಂದರಿನಲ್ಲಿ ದೊಡ್ಡ ಸಂತೆ. ವರ್ಷದ ರೊಟ್ಟಿ ಅಲ್ಲಿಂದಲೇ ಬರಬೇಕು. ಗಡಿಗೆ ಹೇರಿದ್ದೇ ತಡ, ಕತ್ತೆ ಮಾವನ ಮನೆಗೆ ಬಂದ ಅಳಿಯನಂತೆ ಕಾಲು ಮಡಚಿ ಕೂತುಬಿಟ್ಟಿತು.

"ದೇವರನ್ನಾದ್ರೂ ಕೇಳ್ಕೊಂಡು ಬನ್ನಿ. ನಾನು ಹೇಳಿದ್ದಂತೂ ನಿಮ್ಮ ಕಿವಿಗೆ ಹೋಗಲ್ಲ," ಎಂದಳು ಹೆಂಡತಿ ಮೆಲಿತ್ತ.

ಊರ ಸಂತೆಮಾಳದ ನಡುವೆ ನಿಂತಿದ್ದ ಗಡ್ಡದ ಕಲ್ಲುದೇವರು ಹೆರ್ಮೆಸ್ ವ್ಯಾಪಾರಿಗಳಿಗೂ ದಿಕ್ಕು, ಕಳ್ಳರಿಗೂ ದಿಕ್ಕು. ಅವನನ್ನು ಕೇಳುವ ಕ್ರಮ ಊರಿಗೆಲ್ಲ ಗೊತ್ತು. ಸಂಜೆ ಧೂಪ ಹಾಕಿ, ದೀಪಕ್ಕೆ ಎಣ್ಣೆ ಎರೆದು, ದೇವರ ಕಿವಿಯಲ್ಲಿ ಪಿಸುಗುಟ್ಟಬೇಕು. ಆಮೇಲೆ ತನ್ನ ಕಿವಿ ಮುಚ್ಚಿಕೊಂಡು ಮಾಳ ದಾಟಬೇಕು. ಕೈ ತೆಗೆದಾಗ ಮೊದಲು ಬಿದ್ದ ಮಾತೇ ದೇವರ ಮಾತು, ಯಾರ ಬಾಯಿಂದ ಬಂದರೂ ಸರಿ.

ಹೊರೆಯಿಲ್ಲದ ಕತ್ತೆ ಸಂಜೆ ಕುಣಿಯುತ್ತಲೇ ಬಂತು. ಮಾಳದ ಬಾಗಿಲಲ್ಲಿ ಕಟ್ಟುವಷ್ಟರಲ್ಲಿ ದೇವರಿಗೆಂದು ತಂದ ಹಾರವನ್ನೇ ಮೆದ್ದುಬಿಟ್ಟಿತು.

"ಇದರ ಸಹವಾಸ ಸಾಕಪ್ಪ. ಯಾರಾದ್ರೂ ಹೊಡ್ಕೊಂಡು ಹೋಗಿ, ಪುಣ್ಯ ಬರುತ್ತೆ," ಎಂದು ಫಿಲಿನೋಸ ಕೂಗಿಕೊಂಡ. ಆಗಷ್ಟೇ ಹೊರಬಂದ ಪರವೂರ ಮುದುಕನೊಬ್ಬ ಗಕ್ಕನೆ ನಿಂತು ಆಕಾಶಕ್ಕೆ ಕೈ ಮುಗಿದ. ಫಿಲಿನೋಸ ಅದನ್ನು ಲೆಕ್ಕಕ್ಕಿಡದೆ ಒಳಗೆ ನಡೆದ.

"ಸ್ವಾಮಿ, ಇವತ್ತಿಂದ ದಿನಾ ದೀಪ ಹಚ್ತೀನಿ. ನಾಳೆ ಗಡಿಗೆ ಹೊರೋರು ಯಾರು, ಅಷ್ಟು ಹೇಳಿಬಿಡು," ಎಂದು ಪಿಸುಗುಟ್ಟಿ ಕಿವಿ ಮುಚ್ಚಿಕೊಂಡ.

ಎರಡು ಹೆಜ್ಜೆ ಇಡುವುದರಲ್ಲಿ ಮೀನು ಮಾರುವ ಬೊಯ್ಸ್ಕೋಸ ಎದುರು ಬಂದು, ಕೈಯಲ್ಲಿದ್ದ ಮೀನನ್ನೇ ಬಾಗಿಲ ಕಡೆ ಬೀಸುತ್ತ ಏನೋ ಕೇಳಿದ. ದೇವರು ಭಕ್ತಿ ಪರೀಕ್ಷಿಸುತ್ತಿದ್ದಾನೆ ಎಂದುಕೊಂಡ ಫಿಲಿನೋಸ ನಗುತ್ತ ತಲೆಯಾಡಿಸಿದ. ಅಂಜೂರ ಮಾರುವ ಅಜ್ಜಿ ಬಂದು ಅವನ ಕೈ ಹಿಡಿದೆಳೆದಳು. ಅವನು ಇನ್ನಷ್ಟು ಒತ್ತಿ ಮುಚ್ಚಿ, ಇನ್ನಷ್ಟು ತಲೆಯಾಡಿಸಿದ. ಬಾಗಿಲು ತಲುಪುವ ಹೊತ್ತಿಗೆ ಬೆಲ್ಲದ ಹಿಂದಿನ ಇರುವೆಯಂತೆ ಅರ್ಧ ಸಂತೆ ಅವನ ಹಿಂದಿತ್ತು.

ಹೊರಗೆ ಬಂದು ಕೈ ತೆಗೆದ.

"ಇನ್ನು ನೀನೇ ಹೊರಬೇಕು, ಮಗಾ," ಎಂದಳು ಅಜ್ಜಿ.

"ಏನನ್ನ?"

"ಗಡಿಗೇನ. ಕತ್ತೆ ಹೋಯ್ತಲ್ಲ."

ಗೂಟ ಬರಿದಾಗಿತ್ತು. "ಕಳ್ಳನ್ನ ಹಿಡೀಬಾರ್ದಿತ್ತಾ?" ಎಂದ ಫಿಲಿನೋಸ.

"ಕಳ್ಳ ಯಾಕಾಗ್ತಾನೆ?" ಎಂದ ಬೊಯ್ಸ್ಕೋಸ. "ಆ ಮುದುಕಪ್ಪ, ಕಾಲು ಸೋತಿದೆ, ಊರು ಹೇಗೆ ಸೇರಲಿ ಅಂತ ದೇವರನ್ನ ಕೇಳಿದ್ನಂತೆ. ಕಿವಿಯಿಂದ ಕೈ ತೆಗೆದ್ರೆ ನಿನ್ನ ಮಾತು ಬಿತ್ತು, ಹೊಡ್ಕೊಂಡು ಹೋಗಿ ಅಂತ. ಆದ್ರೂ ಪಾಪ, ಒಡೆಯನ್ನ ಒಂದು ಮಾತು ಕೇಳಿ ಅಂದ. ಅದಕ್ಕೇ ಓಡಿ ಬಂದೆ. ನೀನು ನಗ್ತಾ ಹೂಂ ಅಂದೆಯಲ್ಲ ಮಾರಾಯ."

"ಎರಡೆರಡು ಸಲ ಅಂದ. ದೊಡ್ಡ ಮನಸ್ಸು," ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕತ್ತೆ ಎದ್ದು ನಡೀತಾ?"

"ನಡೆಯೋದೇನು, ಅಜ್ಜನ್ನ ಕೂರಿಸ್ಕೊಂಡು ಕುದುರೆ ಹಾಗೆ ಹೋಯ್ತು."

ಮರುದಿನ ಮುಂಜಾನೆ ಬಂದರಿನ ದಾರಿಯಲ್ಲಿ ಫಿಲಿನೋಸ ತಲೆಯ ಮೇಲೆ ಗಡಿಗೆಗಳನ್ನು ಹೊತ್ತು ನಡೆಯುತ್ತಿದ್ದ. ಹಿಂದೆಯೇ ಮೆಲಿತ್ತ, ಮನೆ ಬಿಟ್ಟಾಗ ಶುರುಮಾಡಿದ ಮಾತನ್ನು ಇನ್ನೂ ನಿಲ್ಲಿಸಿರಲಿಲ್ಲ.

ಬೀಳದಂತೆ ಗಡಿಗೆ ಹಿಡಿಯಲು ಎರಡೂ ಕೈ ಬೇಕಾಗಿದ್ದವು. ಕಿವಿ ಮುಚ್ಚಿಕೊಳ್ಳಲು ಬೇರೆ ಕೈ ಇರಲಿಲ್ಲ.