ಅಮ್ಮನ ಕಾರಿನ ಬೆಲೆ ಇಳಿಸಿಕೊಡುವಂತೆ ಕೋರಿ

ಹಳೆಯ ಹಾಗೂ ಅಪರೂಪದ ವಾಹನಗಳ ಮೌಲ್ಯಮಾಪಕರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕುಶಲವೆಂದೂ ತಮ್ಮ ಕೈಗವಸುಗಳು ಈಗಲೂ ಅಷ್ಟೇ ಬೆಳ್ಳಗಿವೆಯೆಂದೂ ನಂಬಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ತಮಗೆ ನನ್ನ ನೆನಪಿರಲಾರದು. ಕಳೆದ ತಿಂಗಳು ತಾವು ನಮ್ಮ ಶೆಡ್ಡಿಗೆ ದಯಮಾಡಿಸಿ, ಛಾವಣಿ ಮಡಚುವ ನಮ್ಮ ಹಸಿರು ಸ್ಪೋರ್ಟ್ಸ್ ಕಾರನ್ನು ಪರೀಕ್ಷಿಸಿದಾಗ ಟಾರ್ಚು ಹಿಡಿದು ನಿಂತಿದ್ದವಳು ನಾನು. ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಗುಮಾಸ್ತೆಯಾಗಿರುವುದರಿಂದ ಅರ್ಜಿ ಬರೆಯುವುದು ನನಗೆ ನೀರು ಕುಡಿದಷ್ಟು ಸಲೀಸು. ಆದರೆ ಸ್ವಂತ ಮನೆಯ ವಸ್ತುವಿನ ಬೆಲೆ ಇಳಿಸಿ ಎಂದು ಬೇಡುತ್ತಿರುವುದು ಇದೇ ಮೊದಲಾದ್ದರಿಂದ, ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ವಿಮೆಯ ಅರ್ಜಿಯಲ್ಲಿ ‘ವಾಹನದ ಮೌಲ್ಯ’ ಎಂಬ ಕಡೆ ಅಮ್ಮ ಪ್ರತಿವರ್ಷ ‘ಚೆನ್ನಾಗಿದೆ’ ಎಂದು ಬರೆದು ಕಳಿಸುತ್ತಿದ್ದಳು. ಈ ಸಲ ಬಂದ ಹೊಸ ಅಧಿಕಾರಿ ಅದನ್ನು ಒಪ್ಪಲಿಲ್ಲವಾಗಿ ನಮ್ಮಣ್ಣ ತಮ್ಮನ್ನು ಕರೆಸಿದ. ತಾವು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಕಾರಿನ ಮೈಮೇಲೆಲ್ಲ ಆಡಿಸಿ ಎಲ್ಲಿ ತಗಡಿದೆ, ಎಲ್ಲಿ ಬರೀ ಪುಟ್ಟಿ ಮೆತ್ತಿದೆ ಎಂದು ನೋಡಿದಿರಿ. ಚಾಸಿಯ ಮೇಲಿನ ನಂಬರಿಗೆ ಕಾಗದ ಒತ್ತಿ ಪೆನ್ಸಿಲು ಉಜ್ಜಿದಿರಿ. ಸ್ವಂತ ಚಾಪೆ ಹಾಸಿಕೊಂಡು ನಲವತ್ತು ನಿಮಿಷ ಕಾರಿನಡಿ ಮಲಗಿದ್ದಿರಿ. ಆಪರೇಷನ್ ಕೋಣೆಯ ಹೊರಗೆ ಕಾಯುವವನ ಹಾಗೆ ಅಣ್ಣ ಕೈಕಟ್ಟಿ ನಿಂತಿದ್ದ. ಇಷ್ಟೆಲ್ಲ ನೋಡಿದ ತಮಗೆ, ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ಮಿದ ನಮ್ಮಮ್ಮನನ್ನು ಮಾತಾಡಿಸಲು ಪುರುಸೊತ್ತು ಸಿಗದಿದ್ದುದು ಸಹಜವೇ ಆಗಿದೆ.

ಹನ್ನೊಂದು ಪುಟಗಳ ತಮ್ಮ ವರದಿಯನ್ನು ನಾವು ಭಕ್ತಿಯಿಂದಲೇ ಓದಿದೆವು. ಇಂಥ ಕಾರುಗಳು ಪ್ರಪಂಚದಲ್ಲಿ ಹದಿನೇಳೇ ಉಳಿದಿವೆಯೆಂದು ತಿಳಿದು ಮೈ ಜುಮ್ಮೆಂದಿತು. ಮೂರನೆಯ ಪುಟದಲ್ಲಿ ಮಾತ್ರ ಅಮ್ಮ ತಡೆದಳು. ‘ಒಬ್ಬ ವೃದ್ಧ ಮಹಿಳೆಯ ವಶದಲ್ಲಿದ್ದು, ಅಪರೂಪಕ್ಕೆ ಮಾತ್ರ ಓಡಿಸಲ್ಪಟ್ಟಿದೆ. ಒಟ್ಟು ಓಟ 21,460 ಕಿಲೋಮೀಟರು’ ಎಂದು ತಾವು ಬರೆದಿದ್ದಿರಿ. ಅವಳು ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿ, “ಓಡಿಸಿಲ್ಲ ಅಂತೆ. ಯಾರು, ನಾನಾ?” ಎಂದು ಕೇಳಿದಳು.

ಮಾನ್ಯರೇ, ನಮ್ಮಮ್ಮ ಹೆರಿಗೆ ಮಾಡಿಸುವ ದಾದಿಯಾಗಿದ್ದಳು. ಅಪ್ಪ ಮೆಕ್ಯಾನಿಕ್ಕು. ಯಾರೋ ವರ್ಕ್‌ಶಾಪಿನಲ್ಲಿ ಬಿಟ್ಟುಹೋದ ಈ ಕಾರಿಗೆ ಅವರು ಜೀವ ಕೊಟ್ಟು ಅಮ್ಮನ ಕೈಗಿಟ್ಟರು. ಮೂವತ್ತೆಂಟು ವರ್ಷ ಅವಳು ಇದರಲ್ಲೇ ಕೆಲಸಕ್ಕೆ ಹೋದಳು. ಎರಡೇ ಸೀಟಿನ ಕಾರಾದ್ದರಿಂದ, ನೋವು ತಿನ್ನುತ್ತಿರುವವಳನ್ನು ಆಸ್ಪತ್ರೆಗೆ ಸಾಗಿಸುವಾಗ ಗಂಡನಾದವನು ಹಿಂದಿನಿಂದ ಸೈಕಲ್ಲಿನಲ್ಲಿ ಬರಬೇಕಾಗುತ್ತಿತ್ತು. ಗಂಡಂದಿರು ಹತ್ತಿರವಿಲ್ಲದಿದ್ದರೆ ಅರ್ಧ ಹೆರಿಗೆ ಸುಸೂತ್ರವಾದಂತೆಯೇ ಎಂದು ಅಮ್ಮ ಈಗಲೂ ಹೇಳುತ್ತಾಳೆ.

ಅಂಕಿಗಳ ವಿಚಾರಕ್ಕೆ ಬರುತ್ತೇನೆ. ಆ ಮೀಟರಿಗೆ ಐದೇ ಮನೆ. ಲಕ್ಷ ಮುಟ್ಟಿದ ಕೂಡಲೇ ಅದು ಏನೂ ಆಗಿಲ್ಲವೆಂಬಂತೆ ಸೊನ್ನೆಗೆ ಬರುತ್ತದೆ. ಹೀಗೆ ಎರಡು ಸಲ ಬಂದಿದೆ. ಮೊದಲ ಸಲ ನಾನು ಸೀಟುಗಳ ಹಿಂದಿನ ಸಂದಿಯಲ್ಲಿ ಮುದುಡಿ ಕೂತಿದ್ದೆ. ನನಗಾಗ ಒಂಬತ್ತು ವರ್ಷ. ಸೇತುವೆಯ ನಡುವೆ ಅಮ್ಮ ಕಾರು ನಿಲ್ಲಿಸಿ, “ನೋಡೇ, ಎಲ್ಲಾ ಒಟ್ಟಿಗೆ ತಿರುಗುತ್ತೆ” ಎಂದು ಇಂಚಿಂಚಾಗಿ ಮುಂದೆ ಬಿಟ್ಟಳು. ಹಿಂದೆ ಲಾರಿಗಳು ಹಾರ್ನ್ ಬಾರಿಸುತ್ತಿದ್ದವು. ಐದು ಸೊನ್ನೆಗಳು ಸಾಲಾಗಿ ನಿಂತಾಗ ಅವಳು ನಕ್ಕ ನಗುವಿನಲ್ಲಿದ್ದಷ್ಟು ಸಂತೋಷವನ್ನು ನಾನು ಯಾರ ಮುಖದಲ್ಲೂ ಕಂಡಿಲ್ಲ. ಆದ್ದರಿಂದ ಒಟ್ಟು ಓಟ 2,21,460 ಎಂದು ತಿದ್ದಿಕೊಳ್ಳಬೇಕು.

ಇನ್ನು ಚಾಲಕರ ಪಕ್ಕದ ಸೀಟಿನ ಕಲೆ. ‘ಕಾಲವೇ ಮೂಡಿಸಿದ ಅಪ್ಪಟ ಛಾಯೆ, ಯಾವ ಕಾರಣಕ್ಕೂ ಸ್ವಚ್ಛಗೊಳಿಸಕೂಡದು’ ಎಂದು ಬರೆದು ತಾವು ಅದರ ಮೇಲೆ ಬೆಲೆ ಏರಿಸಿದ್ದೀರಿ. ಅದನ್ನು ಮೂಡಿಸಿದ್ದು ಕಾಲವಲ್ಲ. ರೈಲ್ವೆ ಗೇಟು ಹಾಕಿದ್ದರಿಂದ ಅಲ್ಲೇ ಹುಟ್ಟಿದ ಒಂದು ಹೆಣ್ಣುಮಗು ಅದಕ್ಕೆ ಕಾರಣ. ಮೂರು ಬಗೆಯ ಸೋಪು ಹಾಕಿ ಉಜ್ಜಿದರೂ ಹೋಗಲಿಲ್ಲವಷ್ಟೇ.

ತಮ್ಮ ವಿದ್ವತ್ತಿನ ಫಲವನ್ನು ಈಗ ಅರಿಕೆ ಮಾಡಿಕೊಳ್ಳುತ್ತೇನೆ. ತಾವು ಕಟ್ಟಿದ ಬೆಲೆಗೆ ಎರಡು ಮನೆ ಬರುತ್ತವೆ. ಅಂದಿನಿಂದ ಅಣ್ಣ ಕಾರಿಗೆ ಹೊದಿಕೆ ಹೊದಿಸಿ, ಕೀಲಿಯನ್ನು ತನ್ನ ಬೀರುವಿನಲ್ಲಿಟ್ಟುಕೊಂಡಿದ್ದಾನೆ. “ಒಂದೊಂದು ಕಿಲೋಮೀಟರಿಗೂ ಬೆಲೆ ಇಳಿಯುತ್ತಮ್ಮಾ, ಅರ್ಥ ಮಾಡ್ಕೋ” ಎನ್ನುತ್ತಾನೆ. ಅವನು ಕೆಟ್ಟವನಲ್ಲ, ತಮ್ಮ ವರದಿಯನ್ನು ಪೂರ್ತಿ ಓದಿದವನು. ಎಪ್ಪತ್ತಾರರ ಅಮ್ಮ, ಕಣ್ಣು ಪರೀಕ್ಷೆ ಪಾಸಾಗಿ ಲೈಸೆನ್ಸು ನವೀಕರಿಸಿಕೊಂಡವಳು, ದಿನಾ ನಾಲ್ಕು ಗಂಟೆಗೆ ಛಾವಣಿ ಮಡಚಿ ಕೆರೆಯವರೆಗೆ ಹೋಗಿಬರುತ್ತಿದ್ದಳು. ಈಗ ಅದೇ ನಾಲ್ಕು ಗಂಟೆಗೆ ಶೆಡ್ಡಿಗೆ ಹೋಗಿ, ಹೊದಿಕೆ ಅರ್ಧ ಸರಿಸಿ, ಸ್ಟಿಯರಿಂಗ್ ಮೇಲೆ ಕೈಯಿಟ್ಟು ಸುಮ್ಮನೆ ಕೂತಿರುತ್ತಾಳೆ. ನನ್ನಿಂದ ಅದನ್ನು ನೋಡಲಾಗುವುದಿಲ್ಲ. ಅರ್ಜಿಗಳಲ್ಲಿ ಹೀಗೆ ಬರೆಯುವ ಪದ್ಧತಿಯಿಲ್ಲವೆಂಬುದು ನನಗೆ ಗೊತ್ತು.

ಆದಕಾರಣ, ಒಂದು ವಸ್ತು ಎಷ್ಟು ಕಡಿಮೆ ಉಪಯೋಗಕ್ಕೆ ಬಂದಿದೆಯೋ ಅಷ್ಟು ಅಮೂಲ್ಯ ಎಂಬ ತಮ್ಮ ಶಾಸ್ತ್ರಕ್ಕೆ ತಲೆಬಾಗಿ, ಉಪಯೋಗಕ್ಕೆ ಬಂದ ಈ ಕಾರನ್ನು ಮೂರು ಕಾಸಿನದೆಂದು ಮೊಹರು ಹಾಕಿ ಪ್ರಮಾಣೀಕರಿಸಬೇಕು. ಅದೇ ಅಯಸ್ಕಾಂತ ತಂದು ಅಮ್ಮನನ್ನೂ ಒಮ್ಮೆ ಪರೀಕ್ಷಿಸುವ ಕೃಪೆ ಮಾಡಬೇಕು. ಬಲಗಾಲಿನ ಮಂಡಿ ಮಾತ್ರ ಬದಲಿ, ಉಳಿದ ಭಾಗಗಳೆಲ್ಲ ಮೂಲದವೇ. ಆದರೆ ವಿಪರೀತ ಓಡಿದವಳಾದ್ದರಿಂದ ತಮ್ಮ ಲೆಕ್ಕದಲ್ಲಿ ಅವಳಿಗೆ ಹೆಚ್ಚೇನೂ ಬೆಲೆ ಬರಲಾರದೆಂದು ನಾವು ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದೇವೆ.

ಟಾರ್ಚು ಹಿಡಿಯಲು ಸದಾ ಸಿದ್ಧಳಾದ,
ತಮ್ಮ ವಿಶ್ವಾಸಿ,
ಮಾಲೀಕರ ಕಿರಿಯ ಮಗಳು

ಪ್ರತಿ: ನಮ್ಮಣ್ಣನಿಗೆ, ಬೀರುವಿನ ವಿಳಾಸಕ್ಕೆ.

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕಲು ಹೊರಟಿದ್ದೆ, ತಾನೇ ಕೊಟ್ಟುಬರುವೆನೆಂದು ಅಮ್ಮ ಕೈಚಾಚಿ ನಿಂತಿದ್ದಾಳೆ. ಅವಸರದ ಹೆರಿಗೆಗೆ ಕೀಲಿ ಹುಡುಕುತ್ತ ಕೂರಬಾರದೆಂದು ಅಪ್ಪ ಕಾರಿನಡಿ, ಅಂದು ತಮ್ಮ ಮೂಗಿದ್ದ ನೇರಕ್ಕೆ, ಕೀಲಿಯಿಲ್ಲದೆಯೇ ಕಾರು ಹೊರಡಿಸುವ ಒಂದು ಸ್ಟಾರ್ಟ್ ಬಟನ್ನು ಇಟ್ಟಿದ್ದರಂತೆ. ಅಷ್ಟು ಹೊತ್ತು ಮಲಗಿದ್ದ ತಮಗೆ ಅದು ಕಾಣದೆ ಉಳಿದದ್ದಕ್ಕೆ ಅಮ್ಮ ತಮಗೆ ಧನ್ಯವಾದ ಹೇಳಿದ್ದಾಳೆ. ನಮ್ಮ ಮನೆಯಿಂದ ತಮ್ಮ ಕಚೇರಿಗೆ ಹದಿನೆಂಟು ಕಿಲೋಮೀಟರು, ಅವಳು ಹೋಗುವ ಕೆರೆಯ ದಾರಿಯಲ್ಲಾದರೆ ಇಪ್ಪತ್ತೊಂಬತ್ತು. ದಯವಿಟ್ಟು ಬೆಲೆಯಲ್ಲಿ ಇಪ್ಪತ್ತೊಂಬತ್ತು ಕಿಲೋಮೀಟರನ್ನೇ ಕಳೆಯಿರಿ.